ಸುಮ್ನೆ ಗುಡ್ಡಕ್ಕೆ, ಸಾದಾ ಬಸ್ಸಿನಲ್ಲಿ

"ಎಲ್ಲಿಗ್ರಿ ಅಕ್ಕಾರ?" ಅಂತ ಕಂಡಕ್ಟರ್ ಕೇಳಿದರು.

"ಹಿರೇಬೆಣಕಲ್, ಎರಡು" ಅಂದೆ. ನನ್ನದೂ ಅವ್ವನದೂ ಆಧಾರ್ ಕಾರ್ಡ್ ತೋರಿಸಿದೆ. ಎರಡು ಶೂನ್ಯ ಟಿಕೆಟ್ ಹರಿದು ಕೊಟ್ಟರು. ಬಸ್ಸಿನಲ್ಲಿ ಅಷ್ಟೇನೂ ಜನ ಇರಲಿಲ್ಲ. ಭಾನುವಾರದ ಬೆಳಗಿನ ಹೊತ್ತು. ಅವರಿಗೂ ಮಾತಾಡಲು ಪುರುಸೊತ್ತಿತ್ತು. "ಅಲ್ಲಿ ಯಾರದಾರ್ರಿ ನಿಮ್ಮವರು?" ಅಂದರು.

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿಬಿಟ್ಟಳು. "ನನ್ನ ತವರುಮನಿ ಐತಪ್ಪ ಆ ಕಡೆ."

ತವರುಮನೆ ಇದ್ದದ್ದು ನಿಜ. ಅದೇ ಗುಡ್ಡದ ಸಾಲಿನ ಇನ್ನೊಂದು ಮಗ್ಗುಲಿನ ಒಂದು ಸಣ್ಣ ಊರು. ಆದರೆ ಆ ಮನೆ ಮಾರಿ ಎಷ್ಟೋ ವರ್ಷವಾಯಿತು. ಮಾವಂದಿರು ಗಂಗಾವತಿ ಸೇರಿದರು. ಈಗ ಅಲ್ಲಿ ನಮ್ಮವರು ಅಂತ ಯಾರೂ ಇಲ್ಲ. ಕಂಡಕ್ಟರ್ ಮುಂದೆ ಹೋದ ಮೇಲೆ "ಯಾಕವ್ವಾ ಹಂಗಂದಿ?" ಅಂತ ಮೆಲ್ಲಗೆ ಕೇಳಿದೆ.

"ಮತ್ತ ಏನಂತ ಹೇಳ್ಲಿ? ಸುಮ್ನ ಗುಡ್ಡ ಹತ್ತಾಕ ಹೊಂಟೇವಿ ಅಂದ್ರ ಮಂದಿ ಏನಂದಾರು?"

ಆ ಮಾತು ನನ್ನ ತಲೆಯಲ್ಲಿ ಬಹಳ ದಿನ ಕೂತಿತ್ತು. ಕೊಪ್ಪಳ ಜಿಲ್ಲೆಯಲ್ಲಿ ಎಲ್ಲಿ ನಿಂತು ನೋಡಿದರೂ ಒಂದು ಗುಡ್ಡ ಕಾಣುತ್ತದೆ. ಯಾರೋ ಕೈಯಾರೆ ಒಂದರ ಮೇಲೊಂದು ಇಟ್ಟು ಹೋದ ಹಾಗೆ ಗುಂಡುಗಳು. ಅಷ್ಟಿದ್ದರೂ ನಾವು ಗುಡ್ಡಕ್ಕೆ ಹೋಗಬೇಕಾದರೆ ಒಂದು ಕಾರಣ ಬೇಕು. ಕಟ್ಟಿಗೆ ತರಬೇಕು, ಆಡು ಮೇಯಿಸಬೇಕು, ಸೀತಾಫಲ ಕೀಳಬೇಕು. ಇಲ್ಲವೇ ಮೇಲೊಬ್ಬ ದೇವರಿರಬೇಕು, ಹರಕೆ ಇರಬೇಕು. ಹೆಂಗಸರಿಗಂತೂ ಕಾರಣ ಇನ್ನೂ ಗಟ್ಟಿಯಾಗಿರಬೇಕು. ಸುಮ್ನೆ ಹೋಗಿ, ಸುಮ್ನೆ ಕೂತು, ಸುಮ್ನೆ ಬಂದೆವು ಅಂತ ಹೇಳಲು ನಮಗೆ ಬಾಯಿ ಬರುವುದಿಲ್ಲ.

ಇದೆಲ್ಲ ಶುರುವಾಗಿದ್ದು ಎರಡು ವರ್ಷದ ಹಿಂದೆ. ಅಪ್ಪ ಹೋದ ಮೇಲೆ ಅವ್ವ ಕೊಪ್ಪಳದಲ್ಲಿ ನನ್ನ ಜೊತೆಗೇ ಇದ್ದಾಳೆ. ದಿನಾ ಸ್ವಲ್ಪ ನಡೆಯಿರಿ ಅಂತ ಡಾಕ್ಟರ್ ಹೇಳಿದ್ದರು. ನಮ್ಮ ಓಣಿಯಲ್ಲಿ ನಡೆಯುವುದೆಂದರೆ ಬೈಕುಗಳಿಂದ ತಪ್ಪಿಸಿಕೊಳ್ಳುವುದು. ಹಾಗಾಗಿ ಅವ್ವ ಮಾಳಿಗೆ ಮೇಲೆ ಆ ಗೋಡೆಯಿಂದ ಈ ಗೋಡೆಗೆ ತಿರುಗುತ್ತಿದ್ದಳು. ಒಂದು ಸಂಜೆ ನೋಡಿದೆ. ನಡೆಯುತ್ತಾ ನಡೆಯುತ್ತಾ ನಿಂತು ಗವಿಮಠದ ಗುಡ್ಡವನ್ನೇ ನೋಡುತ್ತಿದ್ದಳು. ಮುಂದಿನ ಭಾನುವಾರ ಅಲ್ಲಿಗೇ ಕರೆದುಕೊಂಡು ಹೋದೆ.

ಕೊಪ್ಪಳಕ್ಕೆ ಹೊರಗಿನಿಂದ ಬರುವವರಿಗೂ ನಾನು ಮೊದಲು ಹೇಳುವುದು ಇದನ್ನೇ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ನಡೆದೇ ಗವಿಮಠಕ್ಕೆ ಹೋಗಬಹುದು. ಜನವರಿಯ ಜಾತ್ರೆಯಲ್ಲಿ ಲಕ್ಷಗಟ್ಟಲೆ ಜನ ಸೇರುವ ಜಾಗ. ಉಳಿದ ದಿನ ತಂಪಾಗಿ, ಸದ್ದಿಲ್ಲದೆ ಇರುತ್ತದೆ. ಮಠದ ಮೇಲಿನ ಗುಡ್ಡದಲ್ಲಿ ದೊಡ್ಡದೊಂದು ಬಂಡೆ ಕೊಡೆ ಹಿಡಿದ ಹಾಗೆ ಮುಂದಕ್ಕೆ ಚಾಚಿದೆ. ಅದರ ಕೆಳಗೆ ಅಶೋಕನ ಶಾಸನ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷದ ಹಿಂದಿನ ಬ್ರಾಹ್ಮಿ ಅಕ್ಷರಗಳು. ಮೇಲೆ ಆ ಬಂಡೆಯ ನೆರಳಿರುವುದರಿಂದಲೋ ಏನೋ, ಇವತ್ತಿಗೂ ಚೆನ್ನಾಗಿ ಉಳಿದಿವೆ. ಊರಿನ ಇನ್ನೊಂದು ಗುಡ್ಡ ಪಾಲ್ಕಿಗುಂಡು. ಪಲ್ಲಕ್ಕಿಯ ಹಾಗೆ ಮೇಲೆ ಕೂತ ಗುಂಡಿನಿಂದ ಆ ಹೆಸರು. ಅಲ್ಲೂ ಇದೇ ಶಾಸನದ ಪ್ರತಿ ಇದೆ, ಆದರೆ ಬಹಳ ಸವೆದಿದೆ. ಎರಡೂ ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1931ರಲ್ಲಿ.

ಅವ್ವ ಓದಿದವಳಲ್ಲ. ಅಕ್ಷರಗಳ ಮುಂದೆ ಕೂತು, "ಯಾರ ಕಾಗದ ಇದು?" ಅಂತ ಕೇಳಿದಳು. ರಾಜನ ಕಾಗದ ಅಂದೆ. ಏನು ಬರೆದಿದ್ದಾನೆ ಅಂದಳು. ನನಗೆ ಗೊತ್ತಿದ್ದಷ್ಟು ಹೇಳಿದೆ. ಮೊದಲು ನಾನು ಅಷ್ಟು ಶ್ರದ್ಧೆ ತೋರಿಸಲಿಲ್ಲ, ಬೌದ್ಧ ಸಂಘದ ಹತ್ತಿರ ಹೋದ ಮೇಲೆ ಜಾಸ್ತಿ ಪ್ರಯತ್ನ ಮಾಡಿದೆ ಅಂತ ರಾಜ ತನ್ನ ಬಗ್ಗೆ ಹೇಳಿಕೊಳ್ಳುತ್ತಾನೆ. ಈ ಫಲ ದೊಡ್ಡವರಿಗೆ ಮಾತ್ರ ಸಿಗುವಂಥದ್ದಲ್ಲ, ಪ್ರಯತ್ನ ಮಾಡಿದರೆ ಸಣ್ಣವರಿಗೂ ಸ್ವರ್ಗ ಸಿಗುತ್ತದೆ ಅನ್ನುತ್ತಾನೆ. ಅವ್ವ ಸ್ವಲ್ಪ ಹೊತ್ತು ಯೋಚಿಸಿದಳು.

"ಹಂಗಾದ್ರ ಇಷ್ಟ ಮ್ಯಾಲ ಯಾಕ ಬರಿಸಿದ? ನನ್ನಂಥಾಕಿ ಹತ್ತಿ ಬರೂದು ಹ್ಯಾಂಗ?"

"ಹತ್ತಿ ಬಂದೀಯಲ್ಲವ್ವ" ಅಂದೆ.

ಅವಳು ಹಿಂದೆ ತಿರುಗಿ ಕೆಳಗೆ ನೋಡಿದಳು. ತಾನೇ ಅಷ್ಟು ಹತ್ತಿದ್ದೇನೆ ಅನ್ನುವುದು ಅವಳಿಗೆ ಆಗಲೇ ಗಮನಕ್ಕೆ ಬಂದಿದ್ದು. ಮಠದ ಕೆರೆ, ಊರಿನ ಮಾಳಿಗೆಗಳು, ಆಚೆ ಕೋಟೆಯ ಗುಡ್ಡ ಎಲ್ಲ ಕಾಣುತ್ತಿದ್ದವು. ಆ ಕೋಟೆಯಲ್ಲೇ 1858ರಲ್ಲಿ ಮುಂಡರಗಿ ಭೀಮರಾಯ ಇಂಗ್ಲಿಷರ ವಿರುದ್ಧ ಹೋರಾಡುತ್ತಾ ಸತ್ತದ್ದು. ಕೋಟೆ ಹತ್ತುವುದು ಗವಿಮಠದ ಗುಡ್ಡಕ್ಕಿಂತ ಕಷ್ಟ. ಅದಕ್ಕೆ ಬೇರೆ ದಿನ ಹೋದೆವು.

ಆಮೇಲೆ ನಮ್ಮ ಭಾನುವಾರಗಳು ಬದಲಾದವು. ನನಗೆ ಕಾರಿಲ್ಲ. ಸ್ಕೂಟಿ ಇದೆ, ಆದರೆ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಅವ್ವನನ್ನು ಕೂರಿಸಿಕೊಂಡು ಹೋಗುವ ಧೈರ್ಯ ಇಲ್ಲ. ಉಳಿದದ್ದು ಬಸ್. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ನಮ್ಮಂಥ ಹೆಂಗಸರಿಗೆ ಸಾದಾ ಬಸ್ಸಿಗೂ ಎಕ್ಸ್‌ಪ್ರೆಸ್ ಬಸ್ಸಿಗೂ ಟಿಕೆಟ್ ದುಡ್ಡಿಲ್ಲ. ಅದರ ಬಗ್ಗೆ ಜನ ಏನೇನೋ ಮಾತಾಡುತ್ತಾರೆ. ನನಗೆ ಗೊತ್ತಿರುವುದು ಇಷ್ಟು. ದುಡ್ಡು ಕೊಟ್ಟು ಗುಡ್ಡ ನೋಡಲು ನನ್ನ ಅವ್ವ ಸಾಯುವವರೆಗೂ ಒಪ್ಪುತ್ತಿರಲಿಲ್ಲ. ಆಸ್ಪತ್ರೆಗೆ, ಮದುವೆಗೆ, ಮಣ್ಣಿಗೆ ದುಡ್ಡು ಖರ್ಚು ಮಾಡಿ ಬಸ್ ಹತ್ತುತ್ತಿದ್ದ ಹೆಂಗಸು ಮೊದಲ ಸಲ ತನ್ನ ಮನಸ್ಸಿಗಾಗಿ ಬಸ್ ಹತ್ತಿದಳು.

ಇನ್ನೂ ಒಂದು ಮಾತಿದೆ. ಗುಡ್ಡಕ್ಕೆ ಕಾರಿಗಿಂತ ಬಸ್ಸೇ ಒಳ್ಳೆಯದು ಅಂತ ನಾನು ನಂಬಿದ್ದೇನೆ. ಕಾರಿನಲ್ಲಿ ಹೋದರೆ ತಿರುಗಿ ಕಾರು ನಿಲ್ಲಿಸಿದ ಜಾಗಕ್ಕೇ ಬರಬೇಕು. ಬಸ್ಸಿನಲ್ಲಿ ಹೋದವರು ಒಂದು ಊರಲ್ಲಿ ಇಳಿದು, ಗುಡ್ಡದ ಬುಡ ಹಿಡಿದು ನಡೆದು, ಇನ್ನೊಂದು ಊರಲ್ಲಿ ಬಸ್ ಹತ್ತಬಹುದು. ಮತ್ತೆ ಬಸ್ ಯಾವತ್ತೂ ಗುಡ್ಡದ ಬುಡದವರೆಗೆ ಬಿಡುವುದಿಲ್ಲ. ಊರ ಮುಂದೆ ಬಿಡುತ್ತದೆ. ಅಲ್ಲಿಂದ ಹೊಲದ ಬದುವಿನ ಮೇಲೆ, ಕಣದ ಪಕ್ಕದಲ್ಲಿ, ಎಮ್ಮೆ ಮೈ ತೊಳೆಯುವವರನ್ನು ದಾರಿ ಕೇಳಿಕೊಂಡು ನಡೆಯಬೇಕು. ಗುಡ್ಡ ಮುಟ್ಟುವ ಹೊತ್ತಿಗೆ ಅದು ಯಾರ ಊರಿನ ಗುಡ್ಡ ಅಂತ ಗೊತ್ತಾಗಿರುತ್ತದೆ. ಮುಂದೆ ಯಾವ ಕಲ್ಲಿನ ಹತ್ತಿರ ಜೇನಿದೆ, ಎಲ್ಲಿ ಹೋಗಬಾರದು ಅಂತ ಅವರೇ ಹೇಳುತ್ತಾರೆ.

ಹೊಸದಾಗಿ ಹೋಗುವವರಿಗೆ ಒಂದೆರಡು ಮಾತು. ತಡೆರಹಿತ ಬಸ್ ಹತ್ತಬೇಡಿ, ಹಳ್ಳಿಗಳಲ್ಲಿ ಅದು ನಿಲ್ಲುವುದಿಲ್ಲ. ಬಸ್ ಇಳಿಯುವಾಗಲೇ ವಾಪಸ್ ಹೋಗುವ ಬಸ್ ಎಷ್ಟೊತ್ತಿಗೆ ಅಂತ ಕಂಡಕ್ಟರನ್ನೂ ಕೇಳಿ, ಸ್ಟಾಪಿನ ಅಂಗಡಿಯವರನ್ನೂ ಕೇಳಿ. ಇಬ್ಬರೂ ಬೇರೆ ಬೇರೆ ಹೇಳಿದರೆ ಅಂಗಡಿಯವರ ಮಾತು ನಂಬಿ. ದೀಪಾವಳಿಯಿಂದ ಶಿವರಾತ್ರಿಯವರೆಗೆ ನಮ್ಮ ಗುಡ್ಡಗಳ ಕಾಲ. ಅದಾದ ಮೇಲೆ ಹತ್ತು ಗಂಟೆಗೇ ಬಂಡೆ ಕಾದ ಹಂಚಾಗುತ್ತದೆ. ನೀರು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಬೇಕು. ಇದು ಕರಡಿಗಳ ಸೀಮೆ, ಚಿರತೆಯೂ ಇದೆ. ಒಬ್ಬರೇ ಹೋಗಬೇಡಿ, ಹೊತ್ತು ಮುಳುಗುವ ಮುಂಚೆ ಕೆಳಗಿಳಿಯಿರಿ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಅವುಗಳಿಗೂ ಅವುಗಳ ಹೊತ್ತು ಬೇಕು ಅಲ್ವಾ?

ಈಗ ಹಿರೇಬೆಣಕಲ್.

ಕೊಪ್ಪಳ–ಗಂಗಾವತಿ ರಸ್ತೆಯಲ್ಲಿ, ಗಂಗಾವತಿಗೆ ಇನ್ನು ಸುಮಾರು 10 ಕಿಲೋಮೀಟರ್ ಇರುವಾಗ ಈ ಊರು. ಗಿಣಿಗೇರಿಯ ಕಾರ್ಖಾನೆಗಳ ಹೊಗೆ ದಾಟಿದ ಮೇಲೆ ಕಿಟಕಿಯಲ್ಲಿ ನಿಧಾನಕ್ಕೆ ಹಸಿರು ಬರುತ್ತದೆ. ಮುಂದೆ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ. ಊರಿನಿಂದ ಗುಡ್ಡ ಹತ್ತಿ ನಾವು ನೋಡಲು ಹೊರಟ ಜಾಗ ಮುಟ್ಟಲು ಎರಡೂವರೆ ಮೂರು ಕಿಲೋಮೀಟರ್ ನಡೆಯಬೇಕು. ನಡುವೆ ಕಲ್ಲು ಹಿಡಿದು ಹತ್ತುವ ಒಂದೆರಡು ಕಡೆ ಬಿಟ್ಟರೆ ಕಷ್ಟದ ದಾರಿ ಅಲ್ಲ. ಅವ್ವನಿಗೆ ಎರಡು ಗಂಟೆ ಹಿಡಿಯಿತು. ಅವಸರ ಏನಿತ್ತು ನಮಗೆ? ದಾರಿಯಲ್ಲಿ ಬಂಡೆಗಳ ಕೆಳಗೆ ಕೆಮ್ಮಣ್ಣಿನ ಬಣ್ಣದ ಚಿತ್ರಗಳಿವೆ. ಮನುಷ್ಯರು, ಪ್ರಾಣಿಗಳು, ಬೇಟೆ. ಸ್ವಲ್ಪ ಹೊತ್ತು ಕೂತು ಕಣ್ಣು ಹೊಂದಿಸಿಕೊಂಡರೆ ಒಂದೊಂದಾಗಿ ಕಾಣತೊಡಗುತ್ತವೆ.

ಮೇಲೆ ಹೋದರೆ ಒಂದು ಊರೇ ಇದೆ. ಕಲ್ಲು ಚಪ್ಪಡಿಗಳನ್ನು ನಾಲ್ಕು ಕಡೆ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಮನೆಗಳು. ಕೆಲವು ಮೊಣಕಾಲೆತ್ತರ. ಕೆಲವು ನನಗಿಂತ ಎತ್ತರ. ಹಲವು ಮನೆಗಳ ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಇಂಥವು ಇಲ್ಲಿ ಸುಮಾರು 400 ಉಳಿದಿವೆ. ಇವು ಬದುಕಿದ್ದವರ ಮನೆಗಳಲ್ಲ, ಸತ್ತವರ ನೆನಪಿಗೆ ಕಟ್ಟಿದವು. ಕ್ರಿ.ಪೂ. 800ರಿಂದ ಕ್ರಿ.ಪೂ. 200ರ ನಡುವಿನವು ಅಂತ ಹೇಳುತ್ತಾರೆ. ಅಂದರೆ ಇದರಲ್ಲಿ ಬಹಳಷ್ಟು ಅಶೋಕನಿಗಿಂತ ಹಿಂದಿನವು. ನಡುವೆ ಒಂದು ನೀರಿನ ಹೊಂಡ ಇದೆ. ಚಪ್ಪಡಿಗಾಗಿ ಕಲ್ಲು ಎಬ್ಬಿಸಿದ ಜಾಗವೇ ಹೊಂಡವಾಗಿದೆ. 19ನೇ ಶತಮಾನದಲ್ಲಿ, ಮುಂದೆ ಸುರಪುರದಲ್ಲಿ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ ಇದರ ಬಗ್ಗೆ ಬರೆದ. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಇದು ಸೇರಿತು. ಸುತ್ತಲಿನ ಜನ ಇದನ್ನು ಕರೆಯುವುದು ಮೋರೇರ ಗುಡ್ಡ ಅಂತ.

ಇದೆಲ್ಲ ಓದಿಕೊಂಡು ಹೋಗಿದ್ದೆ. ಅವ್ವನಿಗೆ ಹೇಳಬೇಕು ಅಂತ ಬಾಯಿ ತೆರೆದೆ. ಅವಳು ಆಗಲೇ ಒಂದು ಕಲ್ಲುಮನೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಕಿಂಡಿಯೊಳಗೆ ಕೈ ಹಾಕಿ ಏನೋ ಹುಡುಕುತ್ತಿದ್ದಳು.

"ಹಾವು ಇರ್ತಾವವ್ವ!" ಅಂತ ಕೂಗಿದೆ.

"ಇಲ್ಲೇ ಬುತ್ತಿ ಇಡ್ತಿದ್ವಿ" ಅಂದಳು.

ನನಗೆ ಮಾತೇ ಹೊರಡಲಿಲ್ಲ. ಅವ್ವ ಈ ಗುಡ್ಡಕ್ಕೆ ಮೊದಲೇ ಬಂದಿದ್ದಳು. ಮದುವೆಗೆ ಮುಂಚೆ, ಹತ್ತು ಹನ್ನೆರಡು ವರ್ಷದ ಹುಡುಗಿಯಾಗಿದ್ದಾಗ, ಆ ಮಗ್ಗುಲಿನಿಂದ ಹತ್ತಿ ಕಟ್ಟಿಗೆಗೆ ಬರುತ್ತಿದ್ದಳಂತೆ. ಓಣಿಯ ನಾಲ್ಕೈದು ಹುಡುಗಿಯರು. ರೊಟ್ಟಿ ಬುತ್ತಿಯನ್ನು ಈ ಕಿಂಡಿಯೊಳಗೆ ಇಟ್ಟು ಕಲ್ಲು ಮುಚ್ಚುತ್ತಿದ್ದರು. ಒಳಗೆ ತಂಪು, ಕೋತಿಯ ಕಾಟವಿಲ್ಲ. ಜೋರು ಮಳೆ ಬಂದರೆ ಇದರೊಳಗೇ ನುಸುಳಿ ಕೂರುತ್ತಿದ್ದರು. ಮೋರೇರು ಅಂದರೆ ಕುಳ್ಳಗಿನ ಮಂದಿ, ಬೆಂಕಿ ಮಳೆ ಬಂದಾಗ ಜೀವ ಉಳಿಸಿಕೊಳ್ಳಲು ಈ ಮನೆ ಕಟ್ಟಿಕೊಂಡರು ಅಂತ ಅವಳ ಅಜ್ಜಿ ಹೇಳಿದ್ದಳಂತೆ.

"ನನಗ ಒಂದಿನಾನೂ ಹೇಳಿಲ್ಲಲ್ಲ ಇದನ್ನ?" ಅಂದೆ.

"ಕಟ್ಟಿಗಿ ತರಾಕ ಹೋಗಿದ್ದನ್ನ ಏನ ಹೇಳೂದು?"

ನಲವತ್ತಾರು ವರ್ಷ ನಾನು ಅವಳ ಮಗಳಾಗಿದ್ದೇನೆ. ಈ ಒಂದು ಮಾತಿಗೆ ಬಸ್ ಇಳಿದು ಮೂರು ಕಿಲೋಮೀಟರ್ ಹತ್ತಬೇಕಾಯಿತು.

ಅಲ್ಲಿಂದ ಮುಂದೆ ಅವಳೇ ದಾರಿ ತೋರಿಸಿದಳು. ಎತ್ತರದ ಒಂದು ಬಂಡೆಯ ಮೇಲೆ ನಗಾರಿಯ ಹಾಗಿರುವ ಅರ್ಧಗೋಳದ ಕಲ್ಲಿದೆ. ಸುಮಾರು ಎರಡು ಮೀಟರ್ ಅಗಲ. ಕಟ್ಟಿಗೆಯಿಂದ ಬಡಿದರೆ ಸದ್ದು ದೂರದವರೆಗೆ ಕೇಳುತ್ತದೆ. ಆಡು ಕಾಯುವ ಒಬ್ಬ ಹುಡುಗ ಸರಸರನೆ ಹತ್ತಿ ತನ್ನ ಕೋಲಿನಿಂದ ಮೆತ್ತಗೆ ಎರಡು ಸಲ ಬಡಿದು ತೋರಿಸಿದ. ಕಲ್ಲಿನ ಸದ್ದು ಅನ್ನಿಸಲಿಲ್ಲ. ಎದೆಯೊಳಗೆ ಬಂದು ನಿಲ್ಲುವಂಥ ಸದ್ದು. ಅವ್ವ ಕೆಳಗೇ ನಿಂತಿದ್ದಳು. ಕಟ್ಟಿಗೆ ಆರಿಸುತ್ತಾ ಯಾರಾದರೂ ದೂರ ಹೋದರೆ ಇದನ್ನು ಬಡಿದು ಕರೆಯುತ್ತಿದ್ದೆವು ಅಂದಳು. ಜೊತೆಯ ಹುಡುಗಿಯರ ಹೆಸರುಗಳನ್ನೂ ಒಂದೊಂದಾಗಿ ಹೇಳಿದಳು. ಒಬ್ಬಳನ್ನು ಬಿಟ್ಟು ಉಳಿದವರು ಎಲ್ಲಿದ್ದಾರೋ ಅವಳಿಗೂ ಗೊತ್ತಿಲ್ಲ.

ಅಲ್ಲೇ ಕೂತು ಬುತ್ತಿ ಬಿಚ್ಚಿದೆವು. ಸಜ್ಜಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೊಸರು. ಹುಡುಗನಿಗೂ ಕೊಟ್ಟೆವು.

ಸಂಕಟದ ಮಾತೂ ಹೇಳಲೇಬೇಕು. ನಿಧಿ ಇದೆ ಅಂತ ಅಗೆದು ಹಲವು ಮನೆಗಳನ್ನು ಕೆಡವಿದ್ದಾರೆ. ಎಷ್ಟೋ ಚಪ್ಪಡಿ ಒಡೆದು ಬಿದ್ದಿವೆ. ಕೆಲವು ಕಲ್ಲುಗಳ ಮೇಲೆ ಬಣ್ಣದಲ್ಲಿ ಹುಡುಗ ಹುಡುಗಿಯರ ಹೆಸರು. ಇಲ್ಲಿ ನಿಧಿ ಇಲ್ಲ. ದಯವಿಟ್ಟು ನಂಬಿ. ಎರಡೂವರೆ ಸಾವಿರ ವರ್ಷ ಮಳೆ ಬಿಸಿಲು ತಡೆದು ನಿಂತ ಕಲ್ಲು ಒಂದು ಹಾರೆಗೆ ಒಂದೇ ರಾತ್ರಿ ಉರುಳುತ್ತದೆ. ಅದನ್ನು ಮತ್ತೆ ನಿಲ್ಲಿಸಲು ಅದನ್ನು ಕಟ್ಟಿದವರು ಬರುವುದಿಲ್ಲ. ಚಿತ್ರಗಳ ಮೇಲೆ ನೀರು ಚೆಲ್ಲಿ ಫೋಟೋ ತೆಗೆಯುವವರನ್ನೂ ನೋಡಿದ್ದೇನೆ. ಅದನ್ನೂ ಮಾಡಬೇಡಿ.

ಆವತ್ತು ಇಳಿಯುವಾಗ ತಡವಾಯಿತು. ನಾನು ಕೇಳಿಟ್ಟುಕೊಂಡಿದ್ದ ಬಸ್ ತಪ್ಪಿತು. ಆಮೇಲೆ ಬಂದ ಎರಡು ಬಸ್ಸುಗಳು ಕೈ ಮಾಡಿದರೂ ನಿಲ್ಲಲಿಲ್ಲ. ಕತ್ತಲಾಗುತ್ತಿತ್ತು. ನನಗೆ ಭಯ ಶುರುವಾಯಿತು. ಸ್ಟಾಪಿನ ಪಕ್ಕದ ಮನೆಯ ಅಜ್ಜಿಯೊಬ್ಬರು ಕಟ್ಟೆಯ ಮೇಲೆ ಕೂತವರು ಅವ್ವನನ್ನು ಕರೆದರು. "ಯಾರ ಪೈಕಿವ್ವಾ ನೀನು?" ಅವ್ವ ತನ್ನ ಅಪ್ಪನ ಹೆಸರು, ಊರು ಹೇಳಿದಳು. ಅಜ್ಜಿಗೆ ಆ ಮನೆತನ ಗೊತ್ತಿತ್ತು. ಚಹಾ ಬಂತು. ಬಸ್ಸಿನ ಚಿಂತೆ ನನ್ನೊಬ್ಬಳದಾಯಿತು. ಕೊನೆಗೆ ಅಜ್ಜಿಯ ಮೊಮ್ಮಗ ರಸ್ತೆ ನಡುವೆ ನಿಂತು ಟಾರ್ಚ್ ಆಡಿಸಿ ಒಂದು ಬಸ್ ನಿಲ್ಲಿಸಿದ.

ಹಿರೇಬೆಣಕಲ್ ಆದ ಮೇಲೆ ಬೇರೆ ಗುಡ್ಡಗಳಿಗೂ ಹೋದೆವು. ಅಂಜನಾದ್ರಿ ಎಲ್ಲರಿಗೂ ಗೊತ್ತಿರುವುದೇ. ಗಂಗಾವತಿಯಿಂದ ಬಸ್ ಇದೆ, 575 ಮೆಟ್ಟಿಲು, ಮೇಲೆ ನಿಂತರೆ ತುಂಗಭದ್ರೆಯೂ ಆಚೆ ದಡದ ಹಂಪಿಯೂ ಕಾಣುತ್ತವೆ. ಶನಿವಾರ ಮಾತ್ರ ಹೋಗಬೇಡಿ, ಜನವೋ ಜನ. ಬಳ್ಳಾರಿಯಲ್ಲಿ ಚಿಗವ್ವನ ಮನೆಗೆ ಹೋದಾಗ ಸಂಗನಕಲ್ಲಿಗೆ ಹೋಗಿ ಬಂದೆವು. ಊರಿಗೆ ಅಷ್ಟು ಹತ್ತಿರ ಇದ್ದರೂ ಚಿಗವ್ವ ಒಮ್ಮೆಯೂ ನೋಡಿರಲಿಲ್ಲ. ಅಲ್ಲಿ ಹೊಸ ಶಿಲಾಯುಗದ ಜನ ಕಲ್ಲಿನ ಕೊಡಲಿ ತಯಾರಿಸುತ್ತಿದ್ದರು. ಮನೆಯಲ್ಲಿ ನಾಲ್ಕು ಮಾಡಿಕೊಂಡಂತಲ್ಲ, ದೊಡ್ಡ ಪ್ರಮಾಣದಲ್ಲಿ. ಅಲ್ಲಿನ ಹಿರೇಗುಡ್ಡದ ಕಪ್ಪು ಕಲ್ಲುಗಳ ಮೇಲೆ ದನಗಳ ಚಿತ್ರ ಕುಟ್ಟಿದ್ದಾರೆ. ಕೆಲವು ಕಲ್ಲು ತಟ್ಟಿದರೆ ಗಂಟೆಯ ಹಾಗೆ ಸದ್ದು ಮಾಡುತ್ತವೆ. ಆ ಗುಡ್ಡದ ಒಂದು ಭಾಗವನ್ನು ಕ್ವಾರಿ ತಿಂದುಹಾಕಿದೆ. ದನಿ ಇರುವ ಕಲ್ಲನ್ನು ಜಲ್ಲಿ ಮಾಡುವುದು ನನ್ನಿಂದ ಸಹಿಸಲಾಗದ ವಿಷಯ.

ಈ ಭಾನುವಾರ ಮಸ್ಕಿಗೆ ಹೊರಟಿದ್ದೇವೆ. ಸಿಂಧನೂರಿಗೆ ಹೋಗಿ, ಅಲ್ಲಿಂದ ಲಿಂಗಸುಗೂರು ಕಡೆಯ ಬಸ್ ಹತ್ತಬೇಕು. ಅಲ್ಲೂ ಊರಿಗೆ ಅಂಟಿಕೊಂಡೇ ಗುಡ್ಡ, ಅಲ್ಲೂ ಅಶೋಕನ ಶಾಸನ. 1915ರಲ್ಲಿ ಅದನ್ನು ಕಂಡುಹಿಡಿದವರು ಬೀಡನ್ ಅನ್ನುವ ಚಿನ್ನದ ಗಣಿಯ ಎಂಜಿನಿಯರ್. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಅನ್ನುವ ಬಿರುದುಗಳಷ್ಟೇ ಇದ್ದವು. ಆ ರಾಜ ಅಶೋಕನೇ ಅಂತ ಗಟ್ಟಿಯಾಗಿದ್ದು ಅಶೋಕ ಅನ್ನುವ ಹೆಸರಿರುವ ಮಸ್ಕಿಯ ಕಲ್ಲಿನಿಂದ.

ಇದನ್ನು ಅವ್ವನಿಗೆ ಹೇಳಿದೆ. "ಅವನಽ ಏನು, ನಮ್ಮ ಗವಿಮಠದಾಗ ಕಾಗದ ಬರದಾಂವ?" ಅಂದಳು. ಹೌದು ಅಂದೆ. "ಹಂಗಾದ್ರ ಅಲ್ಲಿ ಹೆಸರು ಹೇಳ್ಯಾನ, ಇಲ್ಲಿ ಯಾಕ ಹೇಳಿಲ್ಲ?" ಅಂತ ಕೇಳಿದಳು. ಆ ಸಿಟ್ಟು ಇನ್ನೂ ಇಳಿದಿಲ್ಲ.

ನಿನ್ನೆ ಸಂಜೆ ಪಕ್ಕದ ಮನೆಯಾಕೆ ಬಂದಿದ್ದರು. ಅವ್ವ ರೊಟ್ಟಿಗೆ ಹಿಟ್ಟು ಜರಡಿ ಹಿಡಿಯುತ್ತಿದ್ದಳು. "ಎಲ್ಲಿಗೋ ಹೊಂಟಂಗೈತಿ? ಯಾರ ಮನಿಗೆ?" ಅಂತ ಕೇಳಿದರು. ನಾನು ಒಳಗಿನಿಂದ ಕಿವಿಗೊಟ್ಟೆ. ತವರು ಅಂತಾಳೋ, ಆಸ್ಪತ್ರೆ ಅಂತಾಳೋ ಅಂತ.

"ಮಸ್ಕಿ ಗುಡ್ಡಕ್ಕ" ಅಂದಳು ಅವ್ವ. "ಸುಮ್ನ. ನೀನೂ ಬರ್ತೀಯೇನು? ಆರೂವರಿ ಬಸ್ಸಿಗೆ."